ಜನವರಿ 16 ಕಳೆದ ಮೇಲೆ ಕೋಚ್ ಹೋದರೆ: ಕಿಕ್ಕರ್ ಮಕ್ಕಳ ಅಪ್ಪ ಅಮ್ಮಂದಿರಿಗೆ

ಸಾಕರ್ ಆಡಿಕೊಂಡಿದ್ದ ಹುಡುಗನ ಕಾಲಿನ ಬಲ ನೋಡಿ ಅಮೆರಿಕದ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಕೋಚ್ ಕರೆದು ಕಿಕ್ಕರ್ (ಚೆಂಡು ಒದೆಯುವವನು) ಮಾಡುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಮನೆಯವರೆಲ್ಲ ಕಾಲೇಜುಗಳಿಗೆ ಭೇಟಿ ಕೊಡಲು ಕಾರು ಹತ್ತಿರುತ್ತಾರೆ. ಅಲ್ಲಿ ನಮ್ಮವರು ಎಂಜಿನಿಯರಿಂಗ್ ವಿಭಾಗದ ರ‍್ಯಾಂಕಿಂಗ್ ವಿಚಾರಿಸುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳುತ್ತಾರೆ. ಮಗನ ಮುಂದಿನ ನಾಲ್ಕು ವರ್ಷ ಯಾರ ಕೈಯಲ್ಲಿದೆಯೋ ಒದೆತದ ತುಕಡಿಗಳನ್ನು ನೋಡಿಕೊಳ್ಳುವ ಆ ಸ್ಪೆಷಲ್ ಟೀಮ್ಸ್ ಕೋಚ್‌ನ ಕೆಲಸ ಎಷ್ಟು ಗಟ್ಟಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಅಳೆಯುವ ಬಗೆ, ಆ ಕೋಚ್‌ನನ್ನು ವಿಶ್ವವಿದ್ಯಾಲಯ ಬದಲಿಸುವ ರೀತಿ, ಅದರಿಂದ ಮನೆಯವರ ಜೇಬಿಗೆ ಬೀಳುವ ಹೊಡೆತ, ಈ ಮೂರನ್ನು ಇಲ್ಲಿ ಬರೆದಿದೆ. ಜನವರಿ 16 ಎಂದರೆ ಆಟಗಾರರು ತಂಡ ಬದಲಿಸುವ ಅವಧಿ ಮುಗಿಯುವ ದಿನ. ಆಟದ ನಿಯಮಗಳ ಪಾಠ ಬೇಕಿಲ್ಲ. ಶನಿವಾರಗಳನ್ನು ಟಿವಿ ಮುಂದೆ ಕಳೆದವರಿಗೆ ಅವು ಗೊತ್ತು.

ಸ್ಪೆಷಲ್ ಟೀಮ್ಸ್ ಕೋಚ್ ಎಂದರೆ ನಮ್ಮ ಕ್ರಿಕೆಟ್‌ನ ಫೀಲ್ಡಿಂಗ್ ಕೋಚ್ ಇದ್ದ ಹಾಗೆ ಎಂದುಕೊಳ್ಳುವವರಿದ್ದಾರೆ. ಅರ್ಧ ಸರಿ. ಕ್ಯಾಚ್ ಬಿಟ್ಟಾಗ ಮಾತ್ರ ನೆನಪಾಗುವ ಮನುಷ್ಯ ಅನ್ನುವಷ್ಟರ ಮಟ್ಟಿಗೆ ಹೋಲಿಕೆ ನಿಲ್ಲುತ್ತದೆ. ಇಲ್ಲಿ ಅವನ ಕೈಯಲ್ಲಿ ಆರು ತುಕಡಿಗಳಿರುತ್ತವೆ: ಕಿಕಾಫ್ (ಆಟ ಶುರು ಮಾಡುವ ಒದೆತ), ಕಿಕಾಫ್ ರಿಟರ್ನ್ (ಅದನ್ನು ಹಿಡಿದು ವಾಪಸು ಓಡುವುದು), ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ಪಂಟ್ ರಿಟರ್ನ್, ಫೀಲ್ಡ್ ಗೋಲ್ (ಅಂಕಕ್ಕಾಗಿ ಕಂಬಗಳ ನಡುವೆ ಒದೆಯುವುದು), ಫೀಲ್ಡ್ ಗೋಲ್ ತಡೆ. ಕ್ರಿಕೆಟ್‌ನಲ್ಲಿ ತಂಡ ಆರಿಸಲು ಬೇರೆ ಸಮಿತಿ ಇದೆ, ಫೀಲ್ಡಿಂಗ್ ಕೋಚ್ ಹೋದನೆಂದು ಯಾರೂ ತಂಡದಿಂದ ಬೀಳುವುದಿಲ್ಲ. ಇಲ್ಲಿ ಆರಿಸುವವನೂ ಕಲಿಸುವವನೂ ಒಬ್ಬನೇ. ಈ ಮಟ್ಟಿಗೆ ನಮ್ಮ ಪದ್ಧತಿಯೇ ಆಟಗಾರನಿಗೆ ಕ್ಷೇಮ.

ಕೋಚ್‌ನನ್ನು ಅಳೆಯುವಾಗ ಎಲ್ಲರೂ ಮೊದಲು ನೋಡುವುದು ಫೀಲ್ಡ್ ಗೋಲ್ ಶೇಕಡಾವಾರು. ಅದನ್ನು ಕೊನೆಗೆ ನೋಡಿ. ಒಬ್ಬ ಕಿಕ್ಕರ್ ಒಂದು ಸೀಸನ್‌ನಲ್ಲಿ ಯತ್ನಿಸುವುದು ಸುಮಾರು ಇಪ್ಪತ್ತು ಸಲ. 20ಕ್ಕೆ 15 ಹೋದರೆ ಶೇ 75, 17 ಹೋದರೆ ಶೇ 85. ಕೋಚ್ ಉಳಿಯಬೇಕೋ ಹೋಗಬೇಕೋ ಎಂದು ಊರೆಲ್ಲ ಜಗಳವಾಡುವ ಈ ಅಂತರದಲ್ಲಿ ಇರುವುದು ಎರಡೇ ಎರಡು ಒದೆತ. ಒಂದು ದಿನದ ಗಾಳಿ ಸಾಕು. ಜೊತೆಗೆ ಕಾಲೇಜು ಮೈದಾನದಲ್ಲಿ ಎರಡು ಹ್ಯಾಶ್ ಗೆರೆಗಳ (ಚೆಂಡು ಇಡಬಹುದಾದ ಜಾಗದ ಎರಡು ಅಂಚು) ನಡುವೆ 40 ಅಡಿ ಅಂತರವಿದೆ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹತ್ತಿರದಿಂದ ಒದ್ದರೂ ಓರೆ ಕೋನ ಕಾಡುತ್ತದೆ. ವೃತ್ತಿಪರ ಆಟದ ಅಂಕಿಗಳಿಗೆ ಹೋಲಿಸಿ ಕಾಲೇಜು ಕೋಚ್‌ನನ್ನು ತೂಗುವುದು ಅನ್ಯಾಯ.

ಅದರ ಬದಲು ಫೋನಿನಲ್ಲಿ ವಿಡಿಯೊ ಹಿಡಿದು ಸಮಯ ಅಳೆಯಿರಿ. ಫೀಲ್ಡ್ ಗೋಲ್‌ನಲ್ಲಿ ಚೆಂಡು ಅದನ್ನು ಹಿಂದಕ್ಕೆ ಎಸೆಯುವ ಸ್ನ್ಯಾಪರ್‌ನ ಕೈ ಬಿಟ್ಟಾಗಿನಿಂದ ಕಿಕ್ಕರ್‌ನ ಕಾಲಿಗೆ ತಾಗುವವರೆಗೆ 1.3 ಸೆಕೆಂಡ್ ಒಳಗಿರಬೇಕು. 1.4 ದಾಟುತ್ತಿದ್ದರೆ ಆ ತಂಡ ಇಂದಲ್ಲ ನಾಳೆ ಕಿಕ್ ತಡೆಸಿಕೊಳ್ಳುತ್ತದೆ. ನಿಂತು ಒದೆಯುವ ಪಂಟ್‌ಗೆ ಒಟ್ಟು ಸುಮಾರು 2 ಸೆಕೆಂಡ್. ಪಂಟರ್ ಬದಿಗೆ ಓಡಿ ಒದೆಯುವ ರಗ್ಬಿ ಶೈಲಿಗೆ ಈ ಗಡಿ ಅನ್ವಯಿಸದು. ಪಂಟ್ ಎಷ್ಟು ದೂರ ಹೋಯಿತು ಎನ್ನುವುದಕ್ಕಿಂತ ನಿವ್ವಳ ಎಷ್ಟು ಎಂದು ಲೆಕ್ಕ ಹಾಕಿ: ಒದ್ದ ದೂರದಿಂದ ಎದುರಾಳಿ ವಾಪಸು ಓಡಿದ ಗಜಗಳನ್ನು ಕಳೆಯಬೇಕು, ಟಚ್‌ಬ್ಯಾಕ್ ಆದರೆ (ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿದರೆ) 20 ಕಳೆಯಬೇಕು. 46 ಗಜ ಒದ್ದು 10 ಗಜ ಓಡಿಸಿಕೊಂಡರೆ ಉಳಿಯುವುದು 36. ಎತ್ತರವಾಗಿ 41 ಗಜ ದೂರಕ್ಕೆ ಒದ್ದು ಎದುರಾಳಿ ಓಡದೆ ಹಿಡಿಯುವ ಫೇರ್ ಕ್ಯಾಚ್ ಮಾಡಿಸಿದರೆ 41 ಪೂರ್ತಿ ದಕ್ಕಿತು. ಕಾಲೇಜಿನಲ್ಲಿ ಚೆಂಡು ಸ್ನ್ಯಾಪ್ ಆದ ಕೂಡಲೇ ಪಂಟ್ ತಂಡದ ಎಲ್ಲರೂ ಮುಂದೆ ಓಡಬಹುದು; ಎನ್‌ಎಫ್‌ಎಲ್‌ನಲ್ಲಿ ಒದೆಯುವ ಮುನ್ನ ಹೊರಡುವ ಅವಕಾಶ ತುದಿಯ ಇಬ್ಬರಿಗೆ ಮಾತ್ರ. ಇಷ್ಟು ಸವಲತ್ತಿದ್ದೂ ನಿವ್ವಳ ಸರಾಸರಿ 40ಕ್ಕಿಂತ ಬಹಳ ಕೆಳಗಿದ್ದರೆ ಕಲಿಕೆಯಲ್ಲೇ ದೋಷವಿದೆ.

ಇನ್ನು ತಪ್ಪುಗಳ ಲೆಕ್ಕ. ಹುಡುಗನ ತಪ್ಪನ್ನೂ ಕೋಚ್‌ನ ತಪ್ಪನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಮೈದಾನದಲ್ಲಿ ಹತ್ತೇ ಜನ ನಿಂತರೆ ಅಥವಾ ಹನ್ನೆರಡು ಜನ ಇದ್ದರೆ, ಜೋಡಣೆ ಸರಿಯಿಲ್ಲವೆಂದು ಟೈಮ್‌ಔಟ್ ಸುಟ್ಟರೆ, ತಡೆಸಿಕೊಂಡ ಕಿಕ್‌ಗಳು ಪದೇಪದೇ ಒಂದೇ ಜಾಗದಿಂದ ಬಂದರೆ, ರಿಟರ್ನ್‌ನಲ್ಲಿ ಬೆನ್ನಿಗೆ ತಳ್ಳಿದ್ದಕ್ಕೆ ದಂಡದ ಫ್ಲ್ಯಾಗ್ ವಾರವಾರ ಬಿದ್ದರೆ ಅವೆಲ್ಲ ಕೋಚ್‌ನ ಪುಟಕ್ಕೆ. 2015ರ ಅಕ್ಟೋಬರ್ 17ರಂದು ಮಿಷಿಗನ್ ತಂಡ ಹತ್ತು ಸೆಕೆಂಡ್ ಉಳಿದಿರುವಾಗ ಪಂಟ್‌ಗೆ ನಿಂತಿತು. ಪಂಟರ್‌ನ ಕೈಯಿಂದ ಸ್ನ್ಯಾಪ್ ಜಾರಿತು, ಮಿಷಿಗನ್ ಸ್ಟೇಟ್ 38 ಗಜ ಓಡಿ 27–23ರಿಂದ ಗೆದ್ದಿತು. ಜನ ಬೈದದ್ದು ಪಂಟರ್‌ನನ್ನು. ಆದರೆ ಎದುರಾಳಿ ಹಿಂದೆ ಚೆಂಡು ಹಿಡಿಯುವವನನ್ನೇ ನಿಲ್ಲಿಸದೆ ಎಲ್ಲರನ್ನೂ ಮುಂದಕ್ಕೆ ತಂದಿದ್ದರೂ ಮಿಷಿಗನ್ ಇಬ್ಬರನ್ನು ದೂರದ ಅಂಚಿನಲ್ಲೇ ಬಿಟ್ಟಿತ್ತು. ಜಾರಿದ ಕೈ ಹುಡುಗನದು. ಕಾವಲಿಗೆ ಇಬ್ಬರು ಕಡಿಮೆ ಬಿದ್ದದ್ದು ಕೋಚ್‌ಗಳ ಲೆಕ್ಕ. 2022ರ ಸೆಪ್ಟೆಂಬರ್ 4ರಂದು ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ಫ್ಲೋರಿಡಾ ಸ್ಟೇಟ್ ಎದುರು 24–23ರಿಂದ ಸೋತಾಗ ಎರಡು ಪಂಟ್ ಕೈಬಿಟ್ಟಿತ್ತು, ಒಂದು ಫೀಲ್ಡ್ ಗೋಲ್ ತಡೆಸಿಕೊಂಡಿತ್ತು, ಪಂದ್ಯದ ಸಮಯ ಮುಗಿದ ಮೇಲೆ ಸಮಬಲ ತರಬೇಕಿದ್ದ ಹೆಚ್ಚುವರಿ ಅಂಕದ ಕಿಕ್ಕೂ ತಡೆಗೆ ಸಿಕ್ಕಿತು. ಒಂದು ಕೈಬಿಟ್ಟದ್ದು ಹುಡುಗನದು. ಅವನನ್ನೇ ಮತ್ತೆ ಕಳಿಸಿದ್ದು, ಎರಡು ಕಿಕ್ ತಡೆಸಿಕೊಂಡದ್ದು ಮೇಲಿನವರದು. ಆ ಸೀಸನ್ ಮುಗಿದ ಮೇಲೆ ಆ ಹುದ್ದೆಗೆ ಬೇರೆಯವರು ಬಂದರು.

ಕೋಚ್‌ಗೆ ಏನು ಕೊಟ್ಟಿದ್ದರು ಎಂದೂ ನೋಡಬೇಕು. ಸೀಸನ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಅನುಮತಿಸುವ ಅಭ್ಯಾಸ ವಾರಕ್ಕೆ 20 ಗಂಟೆ. ಅದರಲ್ಲಿ ಈ ಆರು ತುಕಡಿಗಳ ಪಾಲು ಚೂರು. ಅದರ ಮೇಲೆ ಮುಖ್ಯ ಕೋಚ್ ಒಳ್ಳೆಯ ಆಟಗಾರರನ್ನು ಕೊಡದೆ ಬೆಂಚಿನವರನ್ನೇ ಅಟ್ಟಿದರೆ ಯಾರು ಬಂದರೂ ಅಷ್ಟೆ. ವರ್ಜೀನಿಯಾ ಟೆಕ್‌ನಲ್ಲಿ 1987ರಿಂದ 2015ರವರೆಗೆ ಮುಖ್ಯ ಕೋಚ್ ಆಗಿದ್ದ ಫ್ರಾಂಕ್ ಬೀಮರ್ ಈ ವಿಭಾಗವನ್ನು ತಾವೇ ಹಿಡಿದು, ಮುಖ್ಯ ಆಟಗಾರರನ್ನೇ ಕಿಕ್ ತಡೆಗೆ ಇಳಿಸಿ ಹೆಸರು ಮಾಡಿದರು. ಮುಖ್ಯ ಕೋಚ್‌ಗೆ ಆಸಕ್ತಿ ಇಲ್ಲದ ಕಡೆ ಸ್ಪೆಷಲ್ ಟೀಮ್ಸ್ ಕೋಚ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾನೆ. ಅಂಥ ಕಡೆ ಮಗನನ್ನು ಕಳಿಸುವ ಮುನ್ನ ಎರಡು ಸಲ ಯೋಚಿಸಿ.

ಈಗ ಬದಲಿಸುವ ಬಗೆ. ತೀರ್ಮಾನ ಮುಖ್ಯ ಕೋಚ್‌ನದು, ಸಹಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥನಾದ ಅಥ್ಲೆಟಿಕ್ ಡೈರೆಕ್ಟರ್‌ನದು. ಸಹಾಯಕರ ಒಪ್ಪಂದ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ತಪ್ಪಿಲ್ಲದೆ ನಡುವೆ ತೆಗೆದರೆ ಉಳಿದ ಅವಧಿಯ ಸಂಬಳ ಕೊಡಬೇಕಾಗುತ್ತದೆ. ಅವನಿಗೆ ಬೇರೆಡೆ ಕೆಲಸ ಸಿಕ್ಕರೆ ಆ ಸಂಬಳವನ್ನು ಅದರಲ್ಲಿ ಕಳೆಯುವ ಷರತ್ತು ಎಷ್ಟೋ ಒಪ್ಪಂದಗಳಲ್ಲಿರುತ್ತದೆ. ಹಾಗಾಗಿ ಅವಧಿ ಮುಗಿಯುವುದಕ್ಕೆ ಕೆಲವು ವಾರ ಉಳಿದಿದ್ದರೆ ವಿಶ್ವವಿದ್ಯಾಲಯ ಸುಮ್ಮನೆ ಕಾದು, ನವೀಕರಿಸದೆ ಬಿಡುತ್ತದೆ. ಡಿಸೆಂಬರ್‌ನಲ್ಲಿ ಸುದ್ದಿ ಬರಲಿಲ್ಲವೆಂದರೆ ಕೋಚ್ ಉಳಿದ ಎಂದು ಅರ್ಥವಲ್ಲ. ಇನ್ನೊಂದು ದಾರಿ ಇನ್ನೂ ಸದ್ದಿಲ್ಲದ್ದು: 2024ರಿಂದ ಅನಲಿಸ್ಟ್‌ಗಳೂ (ಕೋಚ್ ಪಟ್ಟಿಗೆ ಸೇರದ ಸಿಬ್ಬಂದಿ) ಮೈದಾನದಲ್ಲಿ ಕಲಿಸಬಹುದು. ಹೆಸರು ಹಾಗೇ ಉಳಿದು ಕೆಲಸ ಬೇರೆಯವನ ಕೈ ಸೇರುತ್ತದೆ. ಊರೂರು ತಿರುಗಿ ಹುಡುಗರನ್ನು ಆರಿಸುವ ಅನುಮತಿ ಮಾತ್ರ ಮುಖ್ಯ ಕೋಚ್‌ಗೆ ಮತ್ತು ಹತ್ತು ಸಹಾಯಕರಿಗೆ. ಅಂದರೆ ನಿಮ್ಮ ಮನೆಗೆ ಬಂದು ಕಾಫಿ ಕುಡಿದವನು ಮಗನಿಗೆ ಒಂದು ದಿನವೂ ಕಲಿಸದೆ ಇರಬಹುದು. ಶನಿವಾರ ಪಂದ್ಯದ ತಂತ್ರಗಳ ಪಟ್ಟಿ (ಕಾಲ್ ಶೀಟ್) ಯಾರ ಕೈಯಲ್ಲಿರುತ್ತದೆ ಎಂದು ನೇರವಾಗಿ ಕೇಳಿ.

ನಮ್ಮವರು ಒಬ್ಬರ ಹಿಂದೊಬ್ಬರು ಬೀಳುವ ಗುಂಡಿ ಇಲ್ಲಿದೆ, ದಿನಾಂಕಗಳಲ್ಲಿ. ಡಿಸೆಂಬರ್‌ನ ಮೊದಲ ಬುಧವಾರ ಹೈಸ್ಕೂಲ್ ಹುಡುಗರ ಸಹಿ ಶುರು. ಜನವರಿ 2ರಿಂದ 16ರವರೆಗೆ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಲು ಆಟಗಾರರು ಹೆಸರು ಕೊಡುವ ಪಟ್ಟಿ) ತೆರೆದಿರುತ್ತದೆ. 2026ರಿಂದ ವರ್ಷಕ್ಕೆ ಇದೊಂದೇ ಕಿಟಕಿ, ವಸಂತದ ಕಿಟಕಿ ತೆಗೆದುಹಾಕಿದ್ದಾರೆ. ಸಹಾಯಕ ಕೋಚ್‌ಗಳನ್ನು ಎನ್‌ಎಫ್‌ಎಲ್ ಸೆಳೆಯುವುದು ಜನವರಿ, ಫೆಬ್ರುವರಿಯಲ್ಲಿ. ಒಪ್ಪಂದಗಳು ಸದ್ದಿಲ್ಲದೆ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಮುಖ್ಯ ಕೋಚ್ ಬದಲಾದರೆ ಆಟಗಾರರಿಗೆ ಪ್ರತ್ಯೇಕ ಕಿಟಕಿ ತೆರೆಯುತ್ತದೆ. ಸಹಾಯಕ ಹೋದರೆ ತೆರೆಯುವುದಿಲ್ಲ. ಜನವರಿ 20ರಂದು ಸ್ಪೆಷಲ್ ಟೀಮ್ಸ್ ಕೋಚ್ ಹೋದನೆನ್ನಿ: ತಂಡದಲ್ಲಿರುವ ನಿಮ್ಮ ಹುಡುಗ ಹೊಸಬನಿಗೆ ಬೇಡವಾದರೂ ಮುಂದಿನ ಜನವರಿವರೆಗೆ ಅಲ್ಲೇ. ಜನವರಿ 8ರಂದು ಹೋದನೆನ್ನಿ: ಬಂದವನು ತನಗೆ ಗೊತ್ತಿರುವ, ಮೂರು ವರ್ಷ ಆಡಿದ ಕಿಕ್ಕರ್‌ನನ್ನು ಪೋರ್ಟಲ್‌ನಿಂದ ಅದೇ ವಾರ ತರುತ್ತಾನೆ, ಡಿಸೆಂಬರ್‌ನಲ್ಲಿ ಮಾತು ಪಡೆದ ನಿಮ್ಮ ಹುಡುಗ ಹಿಂದಕ್ಕೆ ಸರಿಯುತ್ತಾನೆ.

ಸ್ಕಾಲರ್‌ಶಿಪ್ ಇದ್ದವನಿಗೆ ಕೈಯಲ್ಲಿ ಆರ್ಥಿಕ ನೆರವಿನ ಒಪ್ಪಂದವಾದರೂ ಇರುತ್ತದೆ. ಕಾಲೇಜು ಸೇರುವುದಾಗಿ ಸಹಿ ಹಾಕುತ್ತಿದ್ದ ಹಳೆಯ ಪತ್ರ, ನ್ಯಾಷನಲ್ ಲೆಟರ್ ಆಫ್ ಇಂಟೆಂಟ್, 2024ರ ಅಕ್ಟೋಬರ್‌ನಲ್ಲೇ ರದ್ದಾಗಿ ಈಗ ಇದೇ ಆಧಾರ. ಆದರೆ ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್‌ಗಳಲ್ಲಿ ಬಹಳಷ್ಟು ಜನರಿಗೆ ಸಿಗುವುದು ‘ಪ್ರಿಫರ್ಡ್ ವಾಕ್‌ಆನ್’ ಎಂಬ ಗೌರವದ ಹೆಸರು. ಅದರ ಹಿಂದೆ ಕಾಗದವಿಲ್ಲ, ದುಡ್ಡಿಲ್ಲ, ಕೋಚ್‌ನ ಬಾಯಿಮಾತು ಮಾತ್ರ. ಮೊದಲು ದೊಡ್ಡ ತಂಡಗಳು 120ಕ್ಕೂ ಹೆಚ್ಚು ಹುಡುಗರನ್ನು ಇಟ್ಟುಕೊಳ್ಳುತ್ತಿದ್ದವು, ಮೂರನೇ ಕಿಕ್ಕರ್‌ಗೂ ಲಾಕರ್ ಸಿಗುತ್ತಿತ್ತು. ಎನ್‌ಸಿಎಎ ಮೇಲಿನ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಿಗೆ ಮಿತಿ 105. ಕತ್ತರಿ ಮೊದಲು ಬೀಳುವುದು ಈ ಹುಡುಗರ ಮೇಲೆ. ಕಾಗದವಿಲ್ಲದ ಈ ಮಾತನ್ನು ನಂಬಿ ನಮ್ಮವರು ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 40,000 ಡಾಲರ್ ದಾಟುವ ಶುಲ್ಕ ಕಟ್ಟುತ್ತಾರೆ. ಆಗಸ್ಟ್‌ನಲ್ಲಿ ಪಟ್ಟಿಯಿಂದ ಹೆಸರು ಹೋದ ಮೇಲೂ ಶುಲ್ಕ ಹೋಗುವುದಿಲ್ಲ.

ತಪ್ಪಿಸಿಕೊಳ್ಳುವ ದಾರಿ ಇದೆ, ಖರ್ಚೂ ಹೆಚ್ಚಿಲ್ಲ. ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಕೋಚ್‌ನ ಒಪ್ಪಂದ ಸಾರ್ವಜನಿಕ ದಾಖಲೆ. ಅಲ್ಲಿನ ಪಬ್ಲಿಕ್ ರೆಕಾರ್ಡ್ಸ್ ಕಚೇರಿಗೆ ‘ಸ್ಪೆಷಲ್ ಟೀಮ್ಸ್ ಕೋಚ್‌ನ ಉದ್ಯೋಗ ಒಪ್ಪಂದ, ಎಲ್ಲ ತಿದ್ದುಪಡಿಗಳ ಸಮೇತ’ ಕೊಡಿ ಎಂದು ಎರಡು ಸಾಲಿನ ಇಮೇಲ್ ಕಳಿಸಿ. ವರ್ಜೀನಿಯಾ, ಟೆನೆಸಿಯಂಥ ಕೆಲವು ರಾಜ್ಯಗಳು ತಮ್ಮ ನಿವಾಸಿಗಳಿಗೆ ಮಾತ್ರ ಕೊಡುತ್ತವೆ, ಅಲ್ಲಿರುವ ಪರಿಚಯದವರಿಂದ ಬರೆಸಿ. ನೋಟರ್ ಡೇಮ್, ಸ್ಟ್ಯಾನ್‌ಫರ್ಡ್‌ನಂಥ ಖಾಸಗಿ ಸಂಸ್ಥೆಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಒಪ್ಪಂದ ಬಂದ ಮೇಲೆ ಓದಬೇಕಾದದ್ದು ಮುಗಿಯುವ ದಿನ, ನಡುವೆ ತೆಗೆದರೆ ಕೊಡಬೇಕಾದ ಹಣ, ಹುದ್ದೆಯ ಪೂರ್ತಿ ಹೆಸರು. ಬರುವ ಜನವರಿ ಅಥವಾ ಫೆಬ್ರುವರಿಗೆ ಮುಗಿಯುತ್ತದೆ, ತಂಡದ ನಿವ್ವಳ ಪಂಟ್ ಕೆಳಗಿದೆ ಎಂದರೆ ಅವನು ಕೊಡುವ ಯಾವ ಮಾತಿಗೂ ಬೆಲೆ ಇಲ್ಲ. ಬೆಂಗಳೂರಿನಲ್ಲಿ ಕೂತು ರಾಜ್ಯ ತಂಡದ ಕೋಚ್‌ನ ಒಪ್ಪಂದ ಹೀಗೆ ತರಿಸಿ ಓದಲು ಸುಲಭದ ದಾರಿ ಇಲ್ಲ. ಈ ಒಂದು ವಿಷಯದಲ್ಲಿ ಅಮೆರಿಕದ ವ್ಯವಸ್ಥೆ ನಮ್ಮದಕ್ಕಿಂತ ಬಹಳ ಮೇಲು. ಇಷ್ಟು ತೆರೆದಿಟ್ಟರೂ ನಮ್ಮವರು ಕೇಳುವುದಿಲ್ಲವಲ್ಲ ಎಂಬುದೇ ಬೇಸರ.

ಮಾತನ್ನು ಸಹಾಯಕನಿಂದ ಪಡೆಯಬೇಡಿ, ಮುಖ್ಯ ಕೋಚ್‌ನನ್ನು ಕೇಳಿ: ಇವರು ಹೋದರೂ ಮಗ 105ರೊಳಗೆ ಇರುತ್ತಾನೆಯೇ? ಉತ್ತರ ಇಮೇಲ್‌ನಲ್ಲಿ ಬರಲಿ. ಅದು ಒಪ್ಪಂದವಾಗುವುದಿಲ್ಲ, ಆದರೆ ಬರೆಯಲು ಹಿಂಜರಿದರೆ ಅದೇ ಉತ್ತರ. ವಾಕ್‌ಆನ್ ಹುಡುಗನನ್ನು ಹೈಸ್ಕೂಲ್ ಬೇಗ ಮುಗಿಸಿ ಜನವರಿಯಲ್ಲೇ ಸೇರಿಸಬೇಡಿ. ಕೋಚ್ ಬದಲಾಗುವ ತಿಂಗಳಲ್ಲೇ ಶುಲ್ಕ ಕಟ್ಟಿದಂತಾಗುತ್ತದೆ. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಸೀಟು ಖಚಿತಪಡಿಸುವ ಠೇವಣಿಗೆ ಮೇ 1ರವರೆಗೆ ಸಮಯವಿದೆ. ಅಲ್ಲಿಯವರೆಗೆ ಸ್ವಂತ ರಾಜ್ಯದ ಒಂದು ಪ್ರವೇಶವನ್ನು ಜೀವಂತ ಇಡಿ.

ವೀಸಾ ವಿಷಯ ಒಂದೇ ಮಾತು: ಹುಡುಗ ಎಚ್-4 ಅಥವಾ ಎಫ್-1ರಲ್ಲಿದ್ದರೆ ತಂಡ ಕೊಡುವ ಹಣಕ್ಕೆ, ಜಾಹೀರಾತಿನ ಹಣಕ್ಕೆ ವಲಸೆ ವಕೀಲರನ್ನು ಕೇಳದೆ ಸಹಿ ಹಾಕಬಾರದು. ಆಸ್ಟ್ರೇಲಿಯಾದಿಂದ ಬಂದ ಪಂಟರ್‌ಗಳಿಗೂ ಇದೇ ತೊಡಕು.

ಹೊಸ ಕೋಚ್ ಬಂದ ಮೇಲೆ ಅವನನ್ನು ಅಳೆಯಲು ವಸಂತದ 15 ಅಭ್ಯಾಸಗಳು ಸಿಗುತ್ತವೆ. ಈ ಹುದ್ದೆಗೆ ಬರುವವರಲ್ಲಿ ಹೆಚ್ಚಿನವರು ಲೈನ್‌ಬ್ಯಾಕರ್ ಅಥವಾ ಟೈಟ್ ಎಂಡ್ ಸ್ಥಾನದ ಆಟಗಾರರಿಗೆ ಕಲಿಸಿದವರು; ಒದೆಯುವ ಕಾಲಿನ ತಂತ್ರ ಅವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅದು ದೋಷವಲ್ಲ. ಹುಡುಗನ ಖಾಸಗಿ ಕಿಕಿಂಗ್ ಗುರುವಿಗೆ ವಿಡಿಯೊ ಕಳಿಸಲು ಬಿಡುತ್ತಾನೆಯೇ, ಇಲ್ಲ ತಾನೇ ಹೆಜ್ಜೆ ತಿದ್ದಲು ಹೊರಡುತ್ತಾನೆಯೇ ಎಂದು ನೋಡಿ. ಹಿಂದಿನ ಕೆಲಸದಲ್ಲಿ ಅವನು ಸೇರುವ ಮುಂಚಿನ ಎರಡು ವರ್ಷ, ಸೇರಿದ ನಂತರದ ಎರಡು ವರ್ಷಗಳ ತಡೆಸಿಕೊಂಡ ಕಿಕ್‌ಗಳ ಲೆಕ್ಕ ಪಕ್ಕಪಕ್ಕ ಇಡಿ. ಪಂಟ್ ಜೋಡಣೆಯನ್ನೇ ಬದಲಿಸಿದರೆ ಮೊದಲ ಮೂರು ಪಂದ್ಯಗಳಲ್ಲಿ ಒಂದು ಪಂಟ್ ತಡೆಗೆ ಸಿಗುವುದು ಆಶ್ಚರ್ಯವಲ್ಲ. ಅಕ್ಟೋಬರ್‌ನಲ್ಲೂ ಅದೇ ಜಾಗದಿಂದ ಎದುರಾಳಿ ನುಗ್ಗುತ್ತಿದ್ದರೆ, ಜನವರಿ 2ಕ್ಕೆ ಮುಂಚೆಯೇ ಮಗನ ಜೊತೆ ಕೂತು ಮಾತಾಡಿ.