ಗ್ರೈಂಡರ್ ಮುಟ್ಟದೆ ಚಾಪರ್ ಮಾಡುವುದು ಹೇಗೆ?

ಚಾಪರ್ ಅಂದರೆ ಎತ್ತರದ ಹ್ಯಾಂಡಲ್ಲು, ಗಿಡ್ಡ ಮಡ್‌ಗಾರ್ಡಿನ ಬೈಕು. ಕಬ್ಬಿಣ ಕೊಯ್ಯುವ ಗ್ರೈಂಡರನ್ನು ಗಾಡಿಗೆ ಹಚ್ಚದೆ ನಾನು ಹಾಗೆ ಮಾಡಿದ್ದು ಒಂದು ಬುಲೆಟ್ಟನ್ನು. ಸೌದೆ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ನಿಂತಿದ್ದ ಗಾಡಿ ಅದು. 1997ರ ಮಾಡೆಲ್, 350 ಸಿಸಿ, ಹಳೇ ಎರಕದ ಕಬ್ಬಿಣದ ಎಂಜಿನ್. ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು. ಆ ಗುಂಡಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮೂಡಿಗೆರೆ ಕಡೆಯ ಆ ಮನೆಯ ಯಜಮಾನರು, "ಮರಿ ಆಗೋವರೆಗೂ ಬಿಡಿ, ಆಮೇಲೆ ತಗೊಂಡ್ಹೋಗಿ" ಅಂದರು. ಮೂರು ವಾರ ಕಾದೆ.

ಆ ಮೂರು ವಾರ ಸುಮ್ನೆ ಕೂರಲಿಲ್ಲ, ಕಾಗದಪತ್ರ ನೋಡಿದೆ. ನೀವೂ ಇಲ್ಲಿಂದಲೇ ಶುರು ಮಾಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯ ಮೇಲೆ ಕೊರೆದದ್ದಕ್ಕೆ ತಾಳೆ ಆಗಬೇಕು. ತುಕ್ಕು ಹಿಡಿದು ಕಾಣದಿದ್ದರೆ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿ, ಅಂಕಿ ಎದ್ದು ಕಾಣುತ್ತದೆ. ಸಾಲ ಬಾಕಿ ಇದೆಯೇ ಅಂತ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ಹೆಸರು ಬದಲಾಯಿಸಲು ಫಾರಂ 29 ಮತ್ತು 30 ಬೇಕು. ಗಾಡಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ಮನೆಯವರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಹಳ್ಳಿ ಕಡೆಯ ಹಳೇ ಬುಲೆಟ್‌ಗಳಲ್ಲಿ ಇದು ಜಾಸ್ತಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು ಅನ್ನುವುದೂ ಲೆಕ್ಕದಲ್ಲಿರಲಿ. ಕಾಗದ ಸರಿ ಇಲ್ಲದ ಗಾಡಿ ಪುಕ್ಕಟೆ ಕೊಟ್ಟರೂ ಬೇಡ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಾಪರ್ ಅಂದ ಕೂಡಲೇ ಎಲ್ಲರ ಕಣ್ಣಿಗೂ ಬರುವುದು ಉದ್ದ ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕಾಲು), ಕೊಯ್ದು ಬೆಸೆದ ಚಾಸಿಸ್. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ.

ಹಾಗಾದರೆ ಉಳಿದಿದ್ದೇನು? ಬೇಕಾದಷ್ಟಿದೆ. ನಾನು ಹಾಕಿಕೊಂಡ ನಿಯಮ ಒಂದೇ: ಪಾನಾದಿಂದ ಬಿಚ್ಚಿ ಕೂರಿಸುವುದಷ್ಟೇ ಮಾಡುವುದು, ಗಾಡಿಯ ಜೊತೆ ಬಂದ ಯಾವುದನ್ನೂ ಕೊಯ್ಯುವುದಿಲ್ಲ. ಬಿಚ್ಚಿದ್ದೆಲ್ಲ ಒಂದು ಗೋಣಿಚೀಲದಲ್ಲಿ. ಬೇಡ ಅನ್ನಿಸಿದ ದಿನ ಗಾಡಿ ಮತ್ತೆ ಹಳೇ ಬುಲೆಟ್ ಆಗಬೇಕು. ಹ್ಯಾಂಡಲ್ಲು, ಸೀಟಿನಂಥವುಗಳ ಬಗ್ಗೆಯೂ ಅನುಮಾನ ಇದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಯಿಸಿಕೊಳ್ಳಿ.

ನಮ್ಮ ಮೇಸ್ತ್ರಿ ಮಾತಲ್ಲೇ ಹೇಳುವುದಾದರೆ, "ಕುಯ್ಯೋದು ಒಂದು ನಿಮಿಷ ಸಾರ್, ಕೂಡ್ಸೋದು ಯಾರು?"

ಮೊದಲು ಜೀವ ಬರಲಿ

ತಂದ ದಿನವೇ ಕಿಕ್ ಹೊಡೆಯಬೇಡಿ. ಆಸೆ ಆಗುತ್ತದೆ, ನನಗೂ ಆಗಿತ್ತು. ಆದರೆ ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿರಬಹುದು. ಒದ್ದರೆ ರಿಂಗು ಮುರಿಯುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮಾರನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆಮುಂದೆ ಆಡಿಸಿ. ಅಲುಗದಿದ್ದರೆ ಇನ್ನೊಂದು ರಾತ್ರಿ. ನನ್ನ ಗಾಡಿ ನಾಲ್ಕನೇ ದಿನ "ಕಟ್" ಅಂತ ಬಿಟ್ಟುಕೊಂಡಿತು.

ಆಮೇಲೆ ಆಯಿಲ್. ಈ ಬುಲೆಟ್‌ನಲ್ಲಿ ಆಯಿಲ್ ಟ್ಯಾಂಕು ಎಂಜಿನ್ ಹೊಟ್ಟೆಯಲ್ಲೇ ಇದೆ. ತುಂಬಾ ದಿನ ನಿಂತರೆ ಆಯಿಲ್ ಪಂಪಿನ ಸಂದಿನಿಂದ ಇಳಿದು ಕ್ರ್ಯಾಂಕ್ ಇರುವ ಕಡೆ ತುಂಬಿಕೊಳ್ಳುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಮನೆ ತುಂಬಾ ಹೊಗೆ, ಪಕ್ಕದ ಮನೆಯವರು ಓಡಿಬರುತ್ತಾರೆ. ತಳದ ಪ್ಲಗ್‌ಗಳನ್ನೆಲ್ಲ ಬಿಚ್ಚಿ ಪೂರ್ತಿ ಇಳಿಸಿ, ಫಿಲ್ಟರ್ ಬದಲಾಯಿಸಿ, 20ಡಬ್ಲ್ಯೂ-50 ಆಯಿಲ್ ಹಾಕಿ.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ದುಬಾರಿ ಕೆಮಿಕಲ್ ಬೇಡ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಟ್ಯಾಂಕ್ ತುಂಬಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಒಣಗಿದ ಕೂಡಲೇ ಸ್ವಲ್ಪ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪೆಟ್ರೋಲ್ ಪೈಪನ್ನೂ ಹೊಸದು ಹಾಕಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ.

ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಿದ್ದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಿ. ಸೂಜಿ, ಪಿನ್ನು ಹಾಕಿದರೆ ತೂತು ದೊಡ್ಡದಾಗುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ತೆರೆದು ಮುಚ್ಚುವ ಲೋಹದ ತುದಿಗಳಿಗೆ ಪಾಯಿಂಟ್ ಅನ್ನುತ್ತಾರೆ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ. ದಾರಿಯಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಾಗ ಮೆಕ್ಯಾನಿಕ್‌ಗಳು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುವುದುಂಟು, ಮನೆಯಲ್ಲಿ ಮಾಡುವಾಗ ಗೇಜೇ ಬಳಸಿ. ಪಾಯಿಂಟ್ ತೆರೆದುಕೊಳ್ಳಬೇಕಾದದ್ದು ಪಿಸ್ಟನ್ ತುತ್ತತುದಿಗೆ ಬರಲು 0.8 ಮಿ.ಮೀ. ಇರುವಾಗ. ಪಾಯಿಂಟ್ ನಡುವೆ ಸಿಗರೇಟಿನ ತೆಳು ಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಿ. ಕಾಗದ ಯಾವ ಜಾಗದಲ್ಲಿ ಸಡಿಲವಾಗಿ ಬಂತೋ ಅದೇ ತೆರೆದ ಜಾಗ. ಈ ಟೈಮಿಂಗ್ ಮುಂಚಿತವಾದರೆ ಕಿಕ್ಕರ್ ವಾಪಸ್ ಒದೆಯುತ್ತದೆ. ಬುಲೆಟ್ ಒದ್ದ ಕಾಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಸ್ಟಾರ್ಟ್ ಮಾಡೋಣ. ಕೀ ಆನ್ ಮಾಡಿ. ಕಿಕ್ಕರನ್ನು ಮೆಲ್ಲಗೆ ಒತ್ತಿ. ಒಂದು ಕಡೆ ಅದು ಗಟ್ಟಿಯಾಗಿ ನಿಲ್ಲುತ್ತದೆ, ಮೈಭಾರ ಹಾಕಿದರೂ ಬಗ್ಗುವುದಿಲ್ಲ. ಎಡಗೈ ಕಡೆಯ ಸಣ್ಣ ಡಿಕಂಪ್ರೆಸರ್ ಲಿವರ್ (ಸಿಲಿಂಡರಿನ ಒತ್ತಡ ಬಿಡುವುದು) ಹಿಡಿದು ಇನ್ನೊಂದು ಚೂರು ಇಳಿಸಿ. ಹೆಡ್‌ಲೈಟ್ ಮೇಲಿನ ಆಂಪಿಯರ್ ಮುಳ್ಳು ಎಡಕ್ಕೆ ವಾಲಿರುತ್ತದೆ. ಅದು ನಡುವಿಗೆ ಬಂದ ಕ್ಷಣ ನಿಲ್ಲಿಸಿ. ಲಿವರ್ ಬಿಡಿ. ಕಿಕ್ಕರ್ ಪೂರ್ತಿ ಮೇಲೆ ಬರಲಿ. ಆಮೇಲೆ ಒಂದೇ ಒದೆ, ಆತುರವಿಲ್ಲದೆ, ಕೊನೆವರೆಗೂ. ನನಗೆ ಹದಿನೇಳನೇ ಒದೆಗೆ ಬಂತು. ಆ ಮೊದಲ "ಡಗ್" ಕೇಳಿ ಮನೆಯವರೆಲ್ಲ ಅಂಗಳಕ್ಕೆ ಬಂದರು.

ಟೈರು, ಬ್ರೇಕ್ ಲೈನರ್, ಚೈನು, ಕೇಬಲ್ಲು, ವೈರಿಂಗ್ ಎಲ್ಲಾ ಹೊಸದು. ಇದರಲ್ಲಿ ಚೌಕಾಸಿ ಬೇಡ. ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ ಕೊಳ್ಳಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯ ಮೂಲೆಯಲ್ಲಿ ಐದಾರು ವರ್ಷ ಕೂತ ಟೈರು ಹೊಳೆಯುತ್ತಿದ್ದರೂ ಹೊಸದಲ್ಲ. ನನ್ನ ಖರ್ಚಿನಲ್ಲಿ ಮುಕ್ಕಾಲು ಪಾಲು ಇಲ್ಲೇ ಹೋಯಿತು. ಚಾಪರ್ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಹೀಗೆ ಸರಿಯಾದ ಗಾಡಿಯನ್ನು ಹಾಗೆಯೇ 500 ಕಿ.ಮೀ. ಓಡಿಸಿ. ಎಲ್ಲಿ ಆಯಿಲ್ ಒಸರುತ್ತದೆ, ಯಾವುದು ಗಡಗಡ ಅನ್ನುತ್ತದೆ ಅಂತ ಈಗಲೇ ಗೊತ್ತಾಗಲಿ. ರೂಪ ಬದಲಾದ ಮೇಲೆ ತೊಂದರೆ ಹಳೆಯದೋ ನಾವು ಮಾಡಿದ್ದೋ ಅಂತ ತಿಳಿಯುವುದೇ ಇಲ್ಲ.

ಉದ್ದ ಫೋರ್ಕಿನ ಮೋಹ

ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಹುಡುಗರು ತಮ್ಮ ಭಾರದ ಬೈಕುಗಳ ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿಕೊಂಡರು. ಅವು ಬಾಬರ್‌ಗಳು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಕಡೆ ಅದೇ ಚಾಳಿ ಮುಂದುವರಿದು ಫೋರ್ಕು ಉದ್ದವಾಯಿತು, ಹ್ಯಾಂಡಲ್ ಎತ್ತರವಾಯಿತು, ಚಾಪರ್ ಹುಟ್ಟಿತು. ಚಾಪ್ ಅಂದರೆ ಕತ್ತರಿಸು. ಶುರುವಾಗಿದ್ದು ಕಡಿಮೆ ಮಾಡುವುದರಿಂದ. ನಮ್ಮ ಕಡೆ ಮಾತ್ರ ಚಾಪರ್ ಅಂತ ಹೇಳಿ ಹದಿನೆಂಟು ಲೈಟು, ತಲೆಬುರುಡೆ, ಜಾಲರಿ ಏನೇನೋ ಹಚ್ಚುತ್ತಾರೆ. ಜಾತ್ರೆ ತೇರು ಅನ್ನಿ ಅದನ್ನು.

ಸುಮ್ನೆ ಫೋರ್ಕ್ ಉದ್ದ ಮಾಡಿದರೆ ಏನಾಗುತ್ತದೆ? ಒಂದು ಗಾರೆ ಕೆಲಸದ ತೂಗುಗುಂಡು, ಒಂದು ಉದ್ದ ಕೋಲು ತಗೊಳ್ಳಿ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ. ಸ್ಟೀರಿಂಗ್ ತಿರುಗುವ ಓರೆ ಗೆರೆಯನ್ನು ಕೋಲು ಹಿಡಿದು ನೆಲದವರೆಗೆ ಎಳೆದು, ಮುಟ್ಟಿದಲ್ಲಿ ಗುರುತು ಹಾಕಿ. ಮುಂದಿನ ಆಕ್ಸಲ್‌ನಿಂದ ತೂಗುಗುಂಡು ಇಳಿಬಿಟ್ಟು ಅಲ್ಲೂ ಗುರುತು ಹಾಕಿ. ಎರಡು ಗುರುತಿನ ನಡುವಿನ ದೂರಕ್ಕೆ ಟ್ರೇಲ್ ಅನ್ನುತ್ತಾರೆ. ನೇರ ಓಡುವಾಗ ಚಕ್ರ ತಾನಾಗಿ ನೆಟ್ಟಗಾಗುವುದರಲ್ಲಿ ಇದರ ಪಾತ್ರ ದೊಡ್ಡದು. ಫೋರ್ಕ್ ಉದ್ದವಾದರೆ ಗಾಡಿಯ ಮೂತಿ ಮೇಲೇಳುತ್ತದೆ, ಓರೆ ಹೆಚ್ಚುತ್ತದೆ, ಟ್ರೇಲ್ ಬೆಳೆಯುತ್ತದೆ. ಹೈವೇಯಲ್ಲಿ ರೈಲಿನ ಹಾಗೆ ನೇರ ಹೋಗುತ್ತದೆ, ನಿಜ. ಆದರೆ ಸಂತೆಯೊಳಗೆ ಮೆಲ್ಲಗೆ ತಿರುಗಿಸುವಾಗ ಚಕ್ರ ಒಂದೇ ಸಲ ಪಕ್ಕಕ್ಕೆ ಬೀಳುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇಂಥ ಗಾಡಿ ಹೇಗಿರುತ್ತದೆ, ನೀವೇ ಯೋಚಿಸಿ. ಜೊತೆಗೆ ಎಂಜಿನ್ ಹಿಂದಕ್ಕೆ ವಾಲಿ ಕಾರ್ಬುರೇಟರ್‌ನ ಪೆಟ್ರೋಲ್ ಮಟ್ಟ ಕೆಡುತ್ತದೆ. ಉದ್ದ ಫೋರ್ಕು ಸನ್ನೆಕೋಲಿನಂತೆ ಸ್ಟೀರಿಂಗ್ ಕತ್ತಿನ ಬೆಸುಗೆಯನ್ನು ಮೀಟುತ್ತದೆ. ಹಾಗಾಗಿ ಫೋರ್ಕನ್ನು ನಾನು ಮುಟ್ಟಲಿಲ್ಲ.

ಹಾಗಾದರೆ ಚಾಪರ್ ಎಲ್ಲಿ?

ಹ್ಯಾಂಡಲ್‌ನಲ್ಲಿ, ಸೀಟಿನಲ್ಲಿ, ಹಿಂಭಾಗದ ಗೆರೆಯಲ್ಲಿ. ಕಣ್ಣು ನೋಡುವುದು ಈ ಮೂರನ್ನೇ.

ಎತ್ತರದ ಹ್ಯಾಂಡಲ್ಲಿಗೆ ಏಪ್ ಹ್ಯಾಂಗರ್ ಅನ್ನುತ್ತಾರೆ. ಹಿಡಿದವನು ಕೊಂಬೆಗೆ ಜೋತುಬಿದ್ದ ಕೋತಿಯ ಹಾಗೆ ಕಾಣುತ್ತಾನೆ, ಅದಕ್ಕೆ. ಮುಷ್ಟಿ ಭುಜಕ್ಕಿಂತ ಮೇಲೆ ಹೋಗದಷ್ಟು ಎತ್ತರ ಸಾಕು, ಅದಕ್ಕೂ ಹೆಚ್ಚಾದರೆ ಅರ್ಧ ಗಂಟೆಗೆ ಕೈ ಜೋಮು ಹಿಡಿಯುತ್ತದೆ. ಬುಲೆಟ್ ಹ್ಯಾಂಡಲ್ ಪೈಪಿನ ದಪ್ಪ 22 ಮಿ.ಮೀ., ಅದೇ ಅಳತೆಯದು ತಗೊಳ್ಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್, ಡಿಕಂಪ್ರೆಸರ್ ನಾಲ್ಕೂ ಕೇಬಲ್ ಉದ್ದ ಬೇಕಾಗುತ್ತದೆ. ಕೇಬಲ್ ಹೋಗುವ ದಾರಿಯಲ್ಲೇ ದಾರ ಹಾಯಿಸಿ ಅಳತೆ ತೆಗೆಯಿರಿ. ಕೂರಿಸಿದ ಮೇಲೆ ಒಂದು ಪರೀಕ್ಷೆ: ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡ. ರಸ್ತೆಯಲ್ಲಿ ಯು ಟರ್ನ್ ಹೊಡೆಯುವಾಗ ಅದು ತಾನಾಗಿಯೇ ರೇಸ್ ಕೊಡುತ್ತದೆ. ವೈರ್ ಉದ್ದ ಮಾಡುವಾಗ ಸುತ್ತಿ ಟೇಪ್ ಹಚ್ಚಬೇಡಿ, ಬೆಸುಗೆ ಹಾಕಿ.

ಹಿಂದಿನ ಮಡ್‌ಗಾರ್ಡ್ ಗಿಡ್ಡ ಆಗದೆ ಚಾಪರ್ ಕಳೆ ಬರುವುದಿಲ್ಲ. ಕತ್ತರಿಸಲೇಬೇಕೆಂದರೆ ಗುಜರಿಯದ್ದನ್ನು ಕತ್ತರಿಸಿ. ಶಿವಾಜಿನಗರದ ಗುಜರಿಯಲ್ಲಿ ನೆಗ್ಗಿದ ಮಡ್‌ಗಾರ್ಡ್ ಒಂದನ್ನು ತಂದೆ. ಮೊದಲು ರಟ್ಟಿನಲ್ಲಿ ಆಕಾರ ಮಾಡಿ ಗಾಡಿಗೆ ಕಟ್ಟಿ, ಹತ್ತು ಹೆಜ್ಜೆ ದೂರ ಹೋಗಿ ನೋಡಿದೆ. ಎರಡು ದಿನ ಹಾಗೇ ಬಿಟ್ಟು ಮತ್ತೆ ನೋಡಿದಾಗ ಎರಡಿಂಚು ಜಾಸ್ತಿ ಕತ್ತರಿಸುವುದರಲ್ಲಿದ್ದೆ ಅಂತ ಗೊತ್ತಾಯಿತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಬಿಡಿ, ಗುಂಡಿಯಲ್ಲಿ ಇಬ್ಬರ ಭಾರಕ್ಕೆ ಶಾಕ್ ಪೂರ್ತಿ ಇಳಿಯುತ್ತದೆ. ಸೀರೆ ಗಾರ್ಡು, ಹಿಂಬದಿಯವರ ಹಿಡಿಕೆ, ಫುಟ್‌ರೆಸ್ಟು ನಿಯಮದಲ್ಲೇ ಇವೆ, ಅವನ್ನು ಬಿಚ್ಚುವಂತಿಲ್ಲ. ಕನ್ನಡಿ, ಇಂಡಿಕೇಟರ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಅಷ್ಟೇ. ಸೈಲೆನ್ಸರ್ ಕಂಪನಿಯದೇ ಇರಲಿ. ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ ಫೋಟೊ ನೋಡಿದ್ದೀರಲ್ಲ.

ಸೀಟಿನ ಹಿಂದಿನ ಒರಗು ಕಂಬಿಗೆ ಸಿಸ್ಸಿ ಬಾರ್ ಅಂತ ಹೆಸರು. 12 ಮಿ.ಮೀ. ಕಬ್ಬಿಣದ ಸರಳು ಸಾಕು, ಮಡ್‌ಗಾರ್ಡ್ ಕಂಬಿಯ ಬೋಲ್ಟಿಗೇ ಕೂರುತ್ತದೆ. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಳತೆ ಸರಿ ಬರಲಿ ಅಂತ ಸರಳನ್ನು ಗಾಡಿಯ ಮೇಲೇ ಇಟ್ಟು ವೆಲ್ಡಿಂಗ್ ಮಾಡಿಸಿದೆ. ಬ್ಯಾಟರಿ ವೈರ್ ಬಿಚ್ಚಿರಲಿಲ್ಲ. ವೆಲ್ಡಿಂಗ್ ಹುಡುಗನೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಸಂಜೆ ನೋಡಿದರೆ ಬ್ಯಾಟರಿ ಚಾರ್ಜಿಗೆ ಕರೆಂಟ್ ಹದ ಮಾಡುವ ರೆಕ್ಟಿಫೈಯರ್ ಸುಟ್ಟು ಕರಕಲು ವಾಸನೆ. ಸರಳನ್ನು ಗಾಡಿಯ ಮೇಲೆ ಗುರುತು ಹಾಕಿಕೊಂಡು, ಬಿಚ್ಚಿ ಕೆಳಗಿಟ್ಟು ಬೆಸೆಯಬೇಕಿತ್ತು.

ಸೀಟನ್ನು ನಮ್ಮೂರಿನ ಸೀಟ್ ಹೊಲಿಯುವವರೇ ಮಾಡಿಕೊಟ್ಟರು. ಮುಂದೆ ತಗ್ಗು, ಹಿಂದೆ ಚಿಕ್ಕ ದಿಂಬು. ಬಣ್ಣದ ವಿಷಯದಲ್ಲಿ ನಾನು ಹಳೇ ಮನುಷ್ಯ, ಕಪ್ಪನ್ನೇ ಹಾಕಿಸಿದೆ. ಚೆನ್ನೈ ಕಾರ್ಖಾನೆಯಲ್ಲಿ ಟ್ಯಾಂಕಿನ ಚಿನ್ನದ ಗೆರೆಗಳನ್ನು ಕೈಯಲ್ಲೇ ಎಳೆಯುತ್ತಿದ್ದರು. ಆ ಗೆರೆ ಅಳಿಸಲು ಮನಸ್ಸು ಬರದೆ ಟ್ಯಾಂಕನ್ನು ಹಾಗೇ ಪಾಲಿಶ್ ಮಾಡಿ ಬಿಟ್ಟೆ. ಒಂದು ಕಡೆ ಗೆರೆ ಚೂರು ದಪ್ಪ ಇದೆ, ಎಳೆದವರ ಕೈ ಅಲ್ಲಿ ಅರೆಗಳಿಗೆ ನಿಂತಿರಬೇಕು.

ಒಂದು ಮಾತು, ಮೈಸೂರಿನವರಿಗೆ. ಮನೆಯಲ್ಲಿ ಯಜ್ಡಿ ಇದ್ದರೆ ಈ ಲೇಖನ ಓದಿ ಅದರ ಮೇಲೆ ಕೈ ಹಾಕಬೇಡಿ. ಯಾದವಗಿರಿಯ ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಗಾಡಿಗಳಲ್ಲಿ ಉಳಿದವು ಹೇಗಿದ್ದವೋ ಹಾಗೇ ಇರಲಿ.

ಎಲ್ಲ ಮುಗಿದ ಮೇಲೆ ಮೊದಲ 100 ಕಿ.ಮೀ. ಊರ ಸುತ್ತಲೇ ಓಡಿಸಿ. ಬುಲೆಟ್‌ನ ನಡುಕಕ್ಕೆ ಹೊಸದಾಗಿ ಕೂರಿಸಿದ ಬೋಲ್ಟು ಒಂದಲ್ಲ ಒಂದು ಸಡಿಲವಾಗಿಯೇ ಆಗುತ್ತದೆ. ಮನೆಗೆ ಬಂದು ಪಾನಾ ಹಿಡಿದು ಹ್ಯಾಂಡಲ್ ಕ್ಲಾಂಪಿನಿಂದ ಹಿಂದಿನ ಆಕ್ಸಲ್‌ವರೆಗೆ ಒಂದೊಂದೇ ಬಿಗಿ ಮಾಡಿ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆಯಿರಿ. ಗೀಟು ಓರೆಯಾಗಿ ಕಂಡರೆ ನಟ್ಟು ತಿರುಗಿದೆ. ನನ್ನ ಗಾಡಿಯಲ್ಲಿ ಮೊದಲ ವಾರ ಮೂರು ಓರೆಯಾಗಿದ್ದವು, ಮೂರೂ ಸಿಸ್ಸಿ ಬಾರ್‌ನವೇ.