ಜಯಗಡದಿಂದ ಜಂಜೀರಾವರೆಗೆ: ಕಾರು, ಬಾರ್ಜ್, ಪಂಚಾಂಗ

ಮಹಾರಾಷ್ಟ್ರದ ಕೊಂಕಣದಲ್ಲಿ ಜಯಗಡದಿಂದ ಮುರುಡ-ಜಂಜೀರಾವರೆಗೆ ಸಮುದ್ರದ ದಂಡೆ ಹಿಡಿದು ಹೊರಟರೆ ನಾಲ್ಕು ದೊಡ್ಡ ಅಳಿವೆಗಳು ಅಡ್ಡ ಬರುತ್ತವೆ: ಶಾಸ್ತ್ರಿ, ವಾಶಿಷ್ಠಿ, ಸಾವಿತ್ರಿ ಮತ್ತು ರಾಜಪುರಿ ಖಾಡಿ (ಅಳಿವೆಗೆ ಇಲ್ಲಿನವರು ಖಾಡಿ ಎನ್ನುತ್ತಾರೆ). ನಾಲ್ಕನ್ನೂ ದಾಟಲು ಕಾರು ಹೊತ್ತೊಯ್ಯುವ ಬಾರ್ಜ್ ಇದೆ. ಪ್ರತಿ ಅಳಿವೆಯ ಬಾಯಲ್ಲಿ, ಅಥವಾ ಅದರ ಆಸುಪಾಸಿನಲ್ಲಿ, ಒಂದೊಂದು ಕೋಟೆ. ಇವುಗಳಲ್ಲಿ ಬಹುಪಾಲು ಕೋಟೆಗಳ ಮೇಲೆ ಒಂದಲ್ಲ ಒಂದು ಕಾಲಕ್ಕೆ ವಿಜಾಪುರದ ಆದಿಲ್‌ಶಾಹಿಯ ಬಾವುಟ ಹಾರಿದೆ. ಗೋಳಗುಮ್ಮಟ ನೋಡಿದವರು ಆ ರಾಜ್ಯದ ಬಂದರುಗಳನ್ನೂ ನೋಡಬೇಕೆಂದರೆ ಬರಬೇಕಾದ್ದು ಇಲ್ಲಿಗೇ.

ಬೆಳಗಾವಿ ಕಡೆಯಿಂದ ಹೊರಡುವವರಿಗೆ ನಾಲ್ಕು ದಿನ ಸಾಕು. ಕೊಲ್ಹಾಪುರ, ಮಲಕಾಪುರ, ಆಂಬಾ ಘಾಟ್ ಇಳಿದು ರತ್ನಾಗಿರಿ ದಿಕ್ಕಿಗೆ. ಅಲ್ಲಿಂದ ಗಣಪತಿಪುಳೆ ದಾಟಿ ಜಯಗಡ. ದಕ್ಷಿಣದಿಂದ ಉತ್ತರಕ್ಕೆ ಹೋಗುವುದೇ ನನ್ನ ರೂಢಿ, ವಾರದ ನಡುವೆ. ಶನಿವಾರ-ಭಾನುವಾರ ಮುಂಬಯಿ, ಪುಣೆಯ ಕಾರುಗಳು ಬಾಗಮಾಂಡಲಾ ಮತ್ತು ದಿಘಿ ಜೆಟ್ಟಿಗಳಲ್ಲಿ ಸಾಲುಗಟ್ಟುತ್ತವೆ. ಒಂದು ಬಾರ್ಜ್ ತಪ್ಪಿತೆಂದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹೋಯಿತು; ಸಾಲಿನಲ್ಲಿ ಹಿಂದಿದ್ದರೆ ಇನ್ನೂ ಒಂದು. ಸೋಮವಾರ ಹೊರಟು ಗುರುವಾರ ಜಂಜೀರಾ ಮುಗಿಸುವ ಲೆಕ್ಕ ಇಟ್ಟುಕೊಂಡರೆ ಶುಕ್ರವಾರದ ತೊಡಕೂ ತಪ್ಪುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ, ಕಡಲ ನಡುವಿನ ಜಂಜೀರಾ ಕೋಟೆಗೆ ಹೋಗುವ ದೋಣಿಗಳು ನಿಲ್ಲುತ್ತವೆ.

ಹೊರಡುವ ದಿನ ಗೊತ್ತುಮಾಡಲು ನಾನು ಪಂಚಾಂಗ ನೋಡುವುದು ಮುಹೂರ್ತಕ್ಕಲ್ಲ, ಉಬ್ಬರ-ಇಳಿತಕ್ಕೆ. ಕೊಂಕಣದ ಮೀನುಗಾರರು ಬಳಸುವ ಸುಲಭ ಲೆಕ್ಕ ಒಂದಿದೆ. ತಿಥಿಯ ಸಂಖ್ಯೆಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಬಂದದ್ದು ಪೂರ್ಣ ಉಬ್ಬರದ ಗಂಟೆ. ಚೌತಿ ಆದರೆ 4×3÷4, ಅಂದರೆ 3 ಗಂಟೆ, ಹಗಲಿಗೂ ಇರುಳಿಗೂ ಅದೇ. ಅದಕ್ಕೆ ಆರು ಕೂಡಿಸಿದರೆ ಪೂರ್ಣ ಇಳಿತ: ಬೆಳಿಗ್ಗೆ 9, ರಾತ್ರಿ 9. ಅಷ್ಟಮಿಗೆ ಉಬ್ಬರ 6ಕ್ಕೆ, ಇಳಿತ 12ಕ್ಕೆ. ಹುಣ್ಣಿಮೆಗೆ ಉಬ್ಬರ 11.15, ಇಳಿತ ಸಂಜೆ ಐದೂಕಾಲರ ಸುಮಾರಿಗೆ. ಕೃಷ್ಣಪಕ್ಷಕ್ಕೆ ಪಾಡ್ಯದಿಂದ ಮತ್ತೆ ಒಂದು, ಎರಡು ಎಂದು ಎಣಿಸಬೇಕು, ಹದಿನಾರು ಹದಿನೇಳು ಎಂದಲ್ಲ. ಅರ್ಧ ಗಂಟೆ ಆಚೀಚೆ ಆಗುತ್ತದೆ, ಆದರೆ ಪ್ರವಾಸದ ಯೋಜನೆಗೆ ಅಷ್ಟು ಸಾಕು. ಇದು ರತ್ನಾಗಿರಿಯಿಂದ ಮುಂಬಯಿವರೆಗಿನ ಲೆಕ್ಕ. ಕಾರವಾರದಲ್ಲಿ ಉಬ್ಬರ ಇದಕ್ಕಿಂತ ಮೊದಲೇ ಬರುತ್ತದೆ, ಅಲ್ಲಿಗೆ ಇದನ್ನು ಹಚ್ಚಬಾರದು.

ಇದರಿಂದ ಎರಡು ಕೆಲಸ ಆಗುತ್ತವೆ. ಒಂದು, ನಡುಗಡ್ಡೆಯ ಕೋಟೆ ಸುವರ್ಣದುರ್ಗಕ್ಕೆ ಯಾವ ದಿನ ಹೋಗಬೇಕೆಂದು ಗೊತ್ತಾಗುವುದು. ಅದನ್ನು ಮುಂದೆ ಹೇಳುತ್ತೇನೆ. ಇನ್ನೊಂದು, ಬಾರ್ಜ್ ಹತ್ತುವ ಹೊತ್ತು. ಜೆಟ್ಟಿ ಎಂದರೆ ಇಲ್ಲಿ ನೀರಿನೊಳಗೆ ಇಳಿಯುವ ಕಾಂಕ್ರೀಟ್ ಇಳಿಜಾರು. ಬಾರ್ಜ್ ಬಂದು ಅದರ ಮೇಲೆ ತನ್ನ ಕಬ್ಬಿಣದ ಹಲಗೆಯನ್ನು ಇಳಿಸುತ್ತದೆ. ನೀರು ತುಂಬಿದ್ದರೆ ಹಲಗೆ ಇಳಿಜಾರಿನ ಮೇಲ್ಭಾಗದಲ್ಲಿ, ಒಣಗಿದ ಕಾಂಕ್ರೀಟಿನ ಹತ್ತಿರ ಕೂರುತ್ತದೆ. ನೀರು ಇಳಿದಿದ್ದರೆ ಕಾರು ಪಾಚಿ ಹಿಡಿದ ಕೆಳಭಾಗದವರೆಗೂ ಇಳಿಯಬೇಕು, ಅಲ್ಲಿಂದ ಹಲಗೆಯ ಏರು. ಇಳಿದು ತಕ್ಷಣ ಏರುವ ಆ ಮಡಿಕೆಯಲ್ಲೇ ತಗ್ಗುಗಾರುಗಳ ಮುಂದಿನ ಬಂಪರ್ ಉಜ್ಜುವುದು. ಹುಣ್ಣಿಮೆ, ಅಮಾವಾಸ್ಯೆಯ ಸಂಜೆ ಐದರಿಂದ ಆರರೊಳಗೆ ಈ ತೊಂದರೆ ಅತಿ ಹೆಚ್ಚು, ಏಕೆಂದರೆ ಆ ದಿನಗಳಲ್ಲಿ ನೀರು ತೀರಾ ಕೆಳಕ್ಕಿಳಿಯುತ್ತದೆ. ಅಷ್ಟಮಿಯ ಇಳಿತ ಅಷ್ಟು ಆಳಕ್ಕೆ ಹೋಗುವುದಿಲ್ಲ. ಎತ್ತರದ ಗಾಡಿಯವರು ಇದನ್ನೆಲ್ಲ ಓದದಿದ್ದರೂ ನಡೆದೀತು.

ಕಾರು ಹತ್ತಿಸುವ ಕ್ರಮ ಹೀಗೆ. ಟಿಕೆಟ್ ಮೊದಲೇ ಕೊಂಡಿರಬೇಕು, ಕಾರಿಗೆ ಬೇರೆ, ಜನಕ್ಕೆ ಬೇರೆ. ಹತ್ತು-ಇಪ್ಪತ್ತು-ಐವತ್ತರ ನೋಟು ಕೈಯಲ್ಲಿರಲಿ. ಖಾಡಿಯ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡು ಯುಪಿಐ ಎನ್ನುತ್ತ ನಿಂತರೆ ಹಿಂದಿನವರು ಮುಂದೆ ಹೋಗುತ್ತಾರೆ. ಚಾಲಕರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಕೆಳಗಿಳಿದು ನಡೆದೇ ಹತ್ತಲಿ. ನಾಲ್ಕು ಜನ ಇಳಿದರೆ ಕಾರಿನ ತಳ ಎರಡು ಬೆರಳಾದರೂ ಮೇಲೇಳುತ್ತದೆ. ಸೈಡ್ ಮಿರರ್ ಮಡಚುವುದು ಹತ್ತಿದ ಮೇಲೆ, ಮೊದಲಲ್ಲ. ಒಂದನೇ ಗೇರ್‌ನಲ್ಲಿ, ಆಕ್ಸಿಲರೇಟರ್ ಒಂದೇ ಸಮ ಹಿಡಿದು, ಹಲಗೆಯ ಕೂಡುಗೆರೆಯಲ್ಲಿ ನಿಲ್ಲದೆ ದಾಟಬೇಕು. ನಡುವೆ ನಿಂತು ಮತ್ತೆ ಜೋರು ಕೊಟ್ಟರೆ ಒದ್ದೆ ಕಬ್ಬಿಣದ ಮೇಲೆ ಚಕ್ರ ಸುಮ್ಮನೆ ತಿರುಗುತ್ತದೆ. ಕ್ಲಚ್ ಅರ್ಧ ಹಿಡಿದು ಒದ್ದಾಡಿದರೆ ಸುಟ್ಟ ವಾಸನೆ ಬರುವುದು ಖಂಡಿತ. ಬಂಪರ್ ತಗುಲುವ ಅನುಮಾನವಿದ್ದರೆ ಸಿಬ್ಬಂದಿಗೆ ಹೇಳಿ ಸ್ವಲ್ಪ ಓರೆಯಾಗಿ ಹತ್ತಿಸಿ. ಬಾರ್ಜ್‌ಗೆ ಒಂದೇ ಬದಿ ಹಲಗೆ ಇದ್ದರೆ ರಿವರ್ಸ್‌ನಲ್ಲಿ ಹತ್ತಿಸು ಎನ್ನುತ್ತಾರೆ. ಆಗ ಕನ್ನಡಿಯನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ನೋಡಲು ಹೋಗದೆ ಸಿಬ್ಬಂದಿಯ ಕೈಸನ್ನೆ ಒಂದನ್ನೇ ನೋಡಿ. ಅವರಿಗೆ ಅಂಗುಲ ಅಂಗುಲದ ಲೆಕ್ಕ ಗೊತ್ತು.

ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಗೇರ್‌ನಲ್ಲಿ ಬಿಡಬೇಕು, ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿ. ಪಕ್ಕದ ಕಾರಿಗೂ ನಮಗೂ ನಡುವೆ ಒಂದು ಗೇಣು ಉಳಿದರೆ ಹೆಚ್ಚು. ಬಾಗಿಲು ತೆರೆಯುವಾಗ ಕೈ ಅಡ್ಡ ಇಟ್ಟುಕೊಳ್ಳಿ. ಎಂಜಿನ್ ಅದುರಾಟಕ್ಕೆ ಕೆಲವು ಕಾರುಗಳ ಅಲಾರಾಂ ದಾರಿಯುದ್ದಕ್ಕೂ ಕೂಗುತ್ತದೆ. ಹಾಗಾಗಿ ನಾನು ರಿಮೋಟ್ ಬಿಟ್ಟು ಕೀಲಿಯಿಂದ ಲಾಕ್ ಮಾಡುತ್ತೇನೆ.

ಜಯಗಡ ಕೋಟೆಗೆ ಒಂದೂವರೆ ಗಂಟೆ ಕೊಡಿ. ನೆಲದ ಬದಿಗೆ ಆಳವಾದ ಕಂದಕ, ಒಳಗೆ ಗಣಪತಿ ಗುಡಿ, ಮರಾಠರ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ವಾಡೆಯೆಂದು ತೋರಿಸುವ ಛಾವಣಿಯಿಲ್ಲದ ಕಟ್ಟಡ. ಕಡಲ ಬದಿಯ ಗೋಡೆಯ ಮೇಲೆ ನಿಂತರೆ ಶಾಸ್ತ್ರಿಯ ಬಾಯಿಗೆ ಯಾವ ಹಡಗು ಬಂದರೂ ಇಲ್ಲಿಂದ ತಪ್ಪಿಸಿಕೊಳ್ಳಲಾರದೆಂದು ಯಾರೂ ವಿವರಿಸದೆ ತಿಳಿಯುತ್ತದೆ. ಜೆಟ್ಟಿಯಿಂದ ಎದುರಿನ ತವ್ಸಾಳಕ್ಕೆ ದಾಟಿ, ಹೆದ್ವಿ, ವೇಳಣೇಶ್ವರದ ಮೇಲೆ ಗುಹಾಗರಕ್ಕೆ ಹೋಗಿ ಮಲಗುವುದು ಒಳ್ಳೆಯದು. ಈ ರಸ್ತೆಗಳಲ್ಲಿ ಗಂಟೆಗೆ 30 ಕಿ.ಮೀ. ಹಿಡಿಯಿರಿ. ಮ್ಯಾಪ್ ಹೇಳುವ ಸಮಯ ನಂಬಬೇಡಿ. ಅದರಲ್ಲಿ ಫೆರ್ರಿ ತಪ್ಪಿಸುವ ಆಯ್ಕೆ ಒತ್ತಿದ್ದರಂತೂ ಗುಹಾಗರದಿಂದ ದಾಭೋಳಕ್ಕೆ ಚಿಪಳೂಣ ಸುತ್ತಿಸಿ ನೂರು ಕಿ.ಮೀ. ಮೀರಿದ ದಾರಿ ತೋರಿಸುತ್ತದೆ. ಧೋಪಾವೆಯಿಂದ ಬಾರ್ಜ್‌ನಲ್ಲಾದರೆ ಅದೇ ಅಳಿವೆ ದಾಟಲು ಕಾಲು ಗಂಟೆ ಬೇಡ. ದಾರಿ ಕೇಳುವಾಗ ‘ಫೆರ್ರಿ ಬೋಟ್’ ಅಥವಾ ‘ಜಂಗಲ್ ಜೆಟ್ಟಿ’ ಎಂದರೆ ಹಳ್ಳಿಯವರು ಸರಿಯಾಗಿ ತೋರಿಸುತ್ತಾರೆ.

ಧೋಪಾವೆಗೆ ಇಳಿಯುವ ಮೊದಲು ಅಂಜನವೇಲದ ಗೋಪಾಲಗಡ. ಹೆಚ್ಚಿನವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಅಳಿವೆಯ ಕಾವಲು ಹೇಗಿತ್ತೆಂದು ತಿಳಿಯಲು ಈ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ವಿಜಾಪುರದವರು ಕಟ್ಟಿದ್ದು, ಶಿವಾಜಿ ಗೆದ್ದದ್ದು, ಜಂಜೀರಾ ಆಳುತ್ತಿದ್ದ, ಆಫ್ರಿಕಾ ಮೂಲದ ಸಿದ್ದಿಗಳು ಕಿತ್ತುಕೊಂಡದ್ದು, 18ನೇ ಶತಮಾನದಲ್ಲಿ ಕಾನ್ಹೋಜಿಯ ಮಗ ತುಳಾಜಿ ಆಂಗ್ರೆ ಆ ಸಿದ್ದಿಗಳಿಂದ ಪಡೆದು ಈ ಹೆಸರಿಟ್ಟದ್ದು. ಒಳಗೆ ಮಾವಿನ ಮರಗಳು. ಕಂದಕದ ಅಂಚಿನಲ್ಲಿ ಹುಲ್ಲು ಮುಚ್ಚಿರುವುದರಿಂದ ನೆಲ ನೋಡಿಕೊಂಡೇ ಕಾಲಿಡಬೇಕು. ಮುಂದೆ ಸ್ವಲ್ಪ ದೂರದಲ್ಲಿ ದೀಪಸ್ತಂಭದ ಬಳಿಯ ಟಾಳಕೇಶ್ವರದಿಂದ ವಾಶಿಷ್ಠಿ ಸಮುದ್ರ ಸೇರುವುದು ಕಾಣುತ್ತದೆ.

ದಾಭೋಳ ಇಂದು ಬಡಕಲು ಊರು. ಬಹಮನಿ ಕಾಲದಲ್ಲಿ ಇದು ದಖ್ಖನಿನ ದೊಡ್ಡ ಬಂದರು. ಅರಬ್ಬಿ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಬೀದರಿನಲ್ಲಿ ಬಹಳ ಕಾಲ ಇದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಊರಿಗೆ ಮರಳಲು 1470ರ ದಶಕದ ಆರಂಭದಲ್ಲಿ ಹಡಗು ಹತ್ತಿದ್ದು ದಾಭೋಳದಲ್ಲೇ. 1508ರ ಕೊನೆಯಲ್ಲಿ ಪೋರ್ಚುಗೀಸರ ವೈಸ್‌ರಾಯ್ ಅಲ್ಮೇಡಾ ದೀವ್‌ಗೆ ಹೋಗುವ ದಾರಿಯಲ್ಲಿ ಈ ಊರನ್ನು ಸುಟ್ಟು ಹೋದ. ಉಳಿದದ್ದರಲ್ಲಿ ನೋಡಲೇಬೇಕಾದ್ದು ಜೆಟ್ಟಿಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಹಿ ಮಸೀದಿ. ಕಮಾನುಗಳ ಸಾಲು, ಮೂಲೆಗಳ ಮಿನಾರುಗಳು, ನಡುವಿನ ಗುಮ್ಮಟದ ಬುಡ ಇವನ್ನು ನೋಡುತ್ತ ನಿಂತವರಿಗೆ ವಿಜಾಪುರದ ಯಾವುದೋ ಗಲ್ಲಿಯ ಮಸೀದಿಯನ್ನು ಎತ್ತಿ ತಂದು ತೆಂಗಿನ ತೋಟದಲ್ಲಿ ಇಟ್ಟಂತೆ ತೋರುತ್ತದೆ. ವಿಜಾಪುರದ ರಾಜಕುಮಾರಿಯೊಬ್ಬಳು ಮೆಕ್ಕಾ ಯಾತ್ರೆಗೆಂದು ಬಂದು ಕಟ್ಟಿಸಿದಳೆಂದು ಊರವರು ಹೇಳುತ್ತಾರೆ. ಹತ್ತಿರದ ಚಂಡಿಕಾದೇವಿ ಗುಹಾಲಯದಲ್ಲಿ ವಿದ್ಯುತ್ ದೀಪವಿಲ್ಲ, ಎಣ್ಣೆದೀಪವೇ. ತಲೆ ತಗ್ಗಿಸಿ ಹೋಗಬೇಕು.

ದಾಭೋಳದಿಂದ ದಾಪೋಲಿ, ಅಲ್ಲಿಂದ ಹರ್ಣೈ. ಜಾಗ್ರತೆ: ಹರ್ಣೈ ಪಕ್ಕದಲ್ಲೂ ಒಂದು ಮುರುಡ ಇದೆ, ಜಂಜೀರಾ ಪಕ್ಕದಲ್ಲೂ ಒಂದು. ವಸತಿ ಕಾದಿರಿಸುವಾಗ ಜಿಲ್ಲೆ ನೋಡಿ. ಮೊದಲನೆಯದು ರತ್ನಾಗಿರಿ, ಎರಡನೆಯದು ರಾಯಗಡ.

ಸುವರ್ಣದುರ್ಗ ಹರ್ಣೈ ಎದುರಿನ ನಡುಗಡ್ಡೆ. ಮೀನುಗಾರರ ದೋಣಿಯಲ್ಲೇ ಹೋಗಬೇಕು, ಅಲ್ಲಿ ಇಳಿಯಲು ಸರಿಯಾದ ಕಟ್ಟೆ ಇಲ್ಲ. ನೀರು ಇಳಿದಿದ್ದರೆ ಸಿಂಪಿ ಅಂಟಿದ ಬಂಡೆಗಳ ಮೇಲೆ ಕಾಲಿಡಬೇಕಾಗುತ್ತದೆ, ಚಪ್ಪಲಿ ಜಾರುತ್ತದೆ, ಪಾದ ಕೊಯ್ಯುತ್ತದೆ. ಏರುತ್ತಿರುವ ನೀರಿನಲ್ಲಿ ಹೋದರೆ ದೋಣಿ ದಡದ ತನಕ ಬರುತ್ತದೆ, ಕಾಯುವಾಗ ನೆಲಕ್ಕೆ ಕೂತುಬಿಡುವುದೂ ಇಲ್ಲ. ಬಿದಿಗೆ, ತದಿಗೆ, ಚೌತಿಗಳಲ್ಲಿ ಬೆಳಿಗ್ಗೆ ಎಂಟು-ಒಂಬತ್ತರಿಂದ ನೀರು ಏರಲು ಶುರುವಾಗುತ್ತದೆ. ನಾನು ಪ್ರವಾಸದ ದಿನಗಳನ್ನು ಹೊಂದಿಸುವುದು ಈ ಒಂದು ಬೆಳಗಿಗಾಗಿ. ದೋಣಿಯವರೊಡನೆ ಹೋಗಿ ಬರುವ ದರವನ್ನೂ ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆಂಬುದನ್ನೂ ಮೊದಲೇ ಮಾತಾಡಿ, ಹಣವನ್ನು ಮರಳಿದ ಮೇಲೆ ಕೊಡಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹಿಂಪಟ್ಟಿಯಿರುವ ರಬ್ಬರ್ ಚಪ್ಪಲಿ, ತಲಾ ಎರಡು ಲೀಟರ್ ನೀರು. ಮಹಾದ್ವಾರದ ಹೊಸ್ತಿಲ ಮೆಟ್ಟಿಲಲ್ಲಿ ಕೆತ್ತಿದ ಆಮೆಯನ್ನೂ ಪಕ್ಕದ ಗೋಡೆಯ ಹನುಮಂತನನ್ನೂ ನೋಡಿಯೇ ಒಳಗೆ ಹೋಗಿ. ಒಳಗೆ ಮುಳ್ಳುಪೊದೆ, ನೀರಿನ ಹೊಂಡಗಳು, ಅಷ್ಟೇ. ಈ ಕೋಟೆಯ ಸೊಗಸು ಗೋಡೆಯಲ್ಲಿದೆ. ಬಂಡೆಯನ್ನೇ ಕಡಿದು ಬುಡ ಮಾಡಿ ಅದರ ಮೇಲೆ ಕಲ್ಲು ಪೇರಿಸಿದ್ದಾರೆ. 1755ರಲ್ಲಿ ಬ್ರಿಟಿಷರ ಕಮೋಡೋರ್ ಜೇಮ್ಸ್ ಪೇಶ್ವೆಯ ಪರವಾಗಿ ಇದನ್ನು ತುಳಾಜಿ ಆಂಗ್ರೆಯಿಂದ ಗೆದ್ದ. ಸಂಜೆಗೆ ಹರ್ಣೈ ದಂಡೆಯಲ್ಲಿ ಮೀನಿನ ಹರಾಜು.

ಹರ್ಣೈಯಿಂದ ಆಂಜರ್ಲೆ, ಕೇಳಶಿ ಮೇಲೆ ವೇಶ್ವಿ ಜೆಟ್ಟಿಗೆ ಎರಡು ಗಂಟೆ. ಬಾಣಕೋಟ ಕೋಟೆ ಚಿಕ್ಕದು, ಅರ್ಧ ಗಂಟೆಯ ಕೆಲಸ. ಸಾವಿತ್ರಿ ದಾಟಿ ಬಾಗಮಾಂಡಲಾ, ಹರಿಹರೇಶ್ವರ, ಶ್ರೀವರ್ಧನ, ದಿಘಿ. ಪೆಟ್ರೋಲನ್ನು ದಾಪೋಲಿಯಲ್ಲೋ ಶ್ರೀವರ್ಧನದಲ್ಲೋ ತುಂಬಿಸಿಕೊಳ್ಳಿ, ನಡುವಿನ ಹಳ್ಳಿಗಳನ್ನು ನೆಚ್ಚಬೇಡಿ.

ದಿಘಿಯಿಂದ ಅಗರದಾಂಡಾಕ್ಕೆ ಕಾರು ದಾಟಿಸಿ ರಾಜಪುರಿಗೆ ಹೋಗಿ ಜಂಜೀರಾ ದೋಣಿ ಹಿಡಿಯುವುದು ಅನುಕೂಲ. ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಹೋಗಿ. ಮಧ್ಯಾಹ್ನಕ್ಕೆ ಗಾಳಿ ಜೋರಾಗಿ ಬಾಗಿಲ ಬಳಿ ದೋಣಿ ಏರಿಳಿಯತೊಡಗಿದರೆ ವಯಸ್ಸಾದವರು ಇಳಿಯುವುದು ಕಷ್ಟ. ಸುಮಾರು ಮುಕ್ಕಾಲು ಗಂಟೆ ಕೊಟ್ಟು ಕರೆದುಬಿಡುತ್ತಾರೆ. ಅಷ್ಟರಲ್ಲಿ ಬಾಗಿಲ ಪಕ್ಕದ ಆನೆ ಹಿಡಿದ ಮೃಗದ ಕೆತ್ತನೆ, ಕಲಾಲ ಬಾಂಗಡಿ ತೋಪು, ಸಿಹಿನೀರಿನ ಕೆರೆ, ಪಶ್ಚಿಮದ ಕಡಲಬಾಗಿಲು ಈ ಕ್ರಮದಲ್ಲಿ ನಡೆದರೆ ಮುಖ್ಯವಾದದ್ದು ಬಿಟ್ಟುಹೋಗುವುದಿಲ್ಲ. 1636ರಲ್ಲಿ ಅಹಮದನಗರದ ನಿಜಾಮಶಾಹಿ ಮುಗಿದ ಮೇಲೆ ಇಲ್ಲಿನ ಸಿದ್ದಿಗಳು ವಿಜಾಪುರದ ಅಧೀನಕ್ಕೆ ಬಂದರು, 1670ರ ಹೊತ್ತಿಗೆ ಮೊಘಲರ ಕಡೆ ಹೋದರು. ಕೋಟೆ ಮಾತ್ರ ಅವರ ಕೈ ಬಿಡಲಿಲ್ಲ. ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ.

ಜೂನ್‌ನಿಂದ ಆಗಸ್ಟ್‌ವರೆಗೆ ಜಂಜೀರಾ, ಸುವರ್ಣದುರ್ಗಗಳ ದೋಣಿ ಇಲ್ಲ. ಅಳಿವೆಯೊಳಗಿನ ಬಾರ್ಜ್‌ಗಳು ಮಳೆಯಲ್ಲೂ ಓಡುತ್ತವೆ, ಆದರೆ ಹೊರಡುವ ದಿನ ಫೋನ್ ಮಾಡಿ ಕೇಳಿ. ದಾಭೋಳದಲ್ಲಿ 2003ರಲ್ಲಿ ಈ ಸೇವೆ ಆರಂಭಿಸಿದ ಸುವರ್ಣದುರ್ಗ ಶಿಪ್ಪಿಂಗ್‌ನವರೇ ನಾಲ್ಕೂ ಕಡೆ ನಡೆಸುವುದರಿಂದ ವೇಳಾಪಟ್ಟಿ ಒಂದೇ ಕಡೆ ಸಿಗುತ್ತದೆ. ಮರಳುವಾಗ ಮಾಣಗಾಂವ್, ಮಹಾಡ, ಚಿಪಳೂಣ, ಕುಂಭಾರ್ಲಿ ಘಾಟ್ ಹತ್ತಿ ಕರಾಡ ಸೇರಿದರೆ ಮುಂದೆ ಹೆದ್ದಾರಿಯೇ. ಕರಾಡದಲ್ಲೋ ಕೊಲ್ಹಾಪುರದಲ್ಲೋ ಕಾರಿನ ತಳಕ್ಕೆ ಪ್ರೆಶರ್ ವಾಷ್ ಮಾಡಿಸಿ, ಬ್ರೇಕ್ ಡಿಸ್ಕ್ ಮತ್ತು ಸೈಲೆನ್ಸರ್ ಕೊಂಡಿಗಳಿಗೆ ನೀರು ತಗುಲುವಂತೆ. ಊರಿಗೆ ಹೋಗಿ ಮಾಡಿಸಿದರಾಯಿತು ಎಂದು ವಾರ ಬಿಟ್ಟರೆ ಉಪ್ಪು ತನ್ನ ಕೆಲಸ ಶುರು ಮಾಡಿರುತ್ತದೆ.