ಹಳೆ ಪದ್ಮಿನಿಗೆ ಪೇಂಟ್ ಹೊಡೆಸುವ ಮುಂಚೆ ಬೀಡಿಂಗ್ ಬಿಚ್ಚೋದು ಹೇಗೆ

ಬೀಡಿಂಗ್ ಬಿಚ್ಚದೆ ಅದರ ಮೇಲೆ ಟೇಪ್ ಅಂಟಿಸಿ ಪೇಂಟ್ ಹೊಡೆದರೆ ಸಾಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಪ್ರೀಮಿಯರ್ ಪದ್ಮಿನಿಯಂಥ ಹಳೆ ಕಾರುಗಳಲ್ಲಿ ಕ್ರೋಮ್ ಬೀಡಿಂಗ್ (ಕಾರಿನ ಬದಿಗೆ ಅಂದಕ್ಕೆ ಹಾಕಿರುವ ಹೊಳೆಯುವ ಲೋಹದ ಪಟ್ಟಿ) ಅಡಿಯಲ್ಲೂ ತುಕ್ಕು ಹಿಡಿದಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಹೊಸ ಬಣ್ಣ ಟೇಪಿನ ಅಂಚಿನಿಂದಲೇ ಏಳುತ್ತದೆ.

ಮೊದಲು ಕಾರು ತೊಳೆದು, ನಾಲ್ಕೂ ಕಡೆ ಫೋಟೋ ತೆಗೆದುಕೊಳ್ಳಿ. ಬಾಗಿಲಿನ ಒಳಗಿನ ಪ್ಯಾಡ್ ತೆಗೆದು ನೋಡಿ, ಬೀಡಿಂಗ್ ತುದಿಗೆ ಒಳಗಿಂದ ಸಣ್ಣ ನಟ್ ಹಾಕಿದ್ದರೆ ಅದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಆಮೇಲೆ ಬಿಚ್ಚಿ.

ಬೀಡಿಂಗ್‌ನ ಒಂದು ತುದಿ ಹಿಡಿದು ಮಾತ್ರ ಎಳೆಯಬೇಡಿ! ನಾನು ಹಾಗೆ ಎಳೆದು, ಎಡಬಾಗಿಲಿನ ಪಟ್ಟಿ ಮಧ್ಯಕ್ಕೆ ಮಡಚಿಹೋಯಿತು, ಆ ಗೆರೆ ಎಷ್ಟು ತಟ್ಟಿದರೂ ಹೋಗಲಿಲ್ಲ. ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಡಿಗೆ ತೂರಿಸಿ, ಬೀಡಿಂಗನ್ನು ಹಿಡಿದಿರುವ ಕ್ಲಿಪ್ ಎಲ್ಲಿದೆ ಅಂತ ಹುಡುಕಿ, ಅದರ ಪಕ್ಕದಲ್ಲೇ ಸ್ವಲ್ಪ ಸ್ವಲ್ಪ ಎತ್ತಿ. ಟಕ್ ಅಂತ ಸದ್ದು ಬಂದರೆ ಮುಂದಿನ ಕ್ಲಿಪ್ಪಿಗೆ ಹೋಗಿ. ಕ್ಲಿಪ್ ಮುರಿದರೆ ಬೇಜಾರಿಲ್ಲ, ಬೇರೆ ಹಾಕಬಹುದು. ಬೀಡಿಂಗ್ ಪಟ್ಟಿ ಸಿಗೋದೇ ಕಷ್ಟ ಅಲ್ವಾ?

ಕಾರಿನ ಹೆಸರಿರುವ ಲೋಹದ ಮಾನೋಗ್ರಾಮ್‌ಗೆ ಸಾಮಾನ್ಯವಾಗಿ ಹಿಂದೆ ಪಿನ್ ಇರುತ್ತದೆ. ಹಳೆ ಲೋಹ, ಬೇಗ ಮುರಿಯುತ್ತದೆ. ಡಿಕ್ಕಿ ಒಳಗಿಂದ ಕೈ ಹೋದರೆ ಪಿನ್ನನ್ನು ಹಿಂದಿನಿಂದ ಮೆಲ್ಲಗೆ ತಳ್ಳಿ. ಅಂಟಿಸಿದ್ದಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಗರಗಸದ ಥರ ಆಡಿಸಿ.

ಬಿಚ್ಚಿದ ಪ್ರತಿ ಪಟ್ಟಿಯ ಹಿಂದೆ ‘ಎಡ ಮುಂದೆ’, ‘ಬಲ ಹಿಂದೆ’ ಅಂತ ಬರೆದು, ಮರದ ರೀಪಿಗೆ ಕಟ್ಟಿಡಿ. ಕ್ಲಿಪ್ ಇದ್ದ ತೂತುಗಳ ಸುತ್ತ ತುಕ್ಕು ಪೂರ್ತಿ ಉಜ್ಜಿ ತೆಗೆದು, ಒಳಗಿನ ಅಂಚಿಗೂ ಪ್ರೈಮರ್ ಹಚ್ಚಿಸಿ. ಪೇಂಟ್ ಚೆನ್ನಾಗಿ ಒಣಗುವವರೆಗೆ ಹೊಸ ಕ್ಲಿಪ್ ಕೂರಿಸಬೇಡಿ.